ಮಕ್ಕಳ ಅಳತೆಯ ಬಯಲು

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ಶನಿವಾರದ ಬೆಳಿಗ್ಗೆ ಮೊಮ್ಮಗಳನ್ನು ಆಟದ ಬಯಲಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತು. ಅವಳಿಗೆ ಐದು ವರ್ಷ. ಆಟ ಬೇಸ್‌ಬಾಲ್. ಕ್ರಿಕೆಟ್ಟಿನ ನೆರಳಿನಲ್ಲಿ ಬೆಳೆದ ನನಗೆ ಅದರ ಗಂಧವೂ ಇರಲಿಲ್ಲ.

ಅಲ್ಲಿ ಕಂಡದ್ದು, ಮಗುವಿನ ಸೊಂಟದೆತ್ತರದ ಒಂದು ಗೂಟ. ಅದರ ತುದಿಯಲ್ಲಿ ಕೂರಿಸಿದ ಚೆಂಡು. ಎಸೆಯುವವರು ಯಾರೂ ಇಲ್ಲ. ನಿಂತ ಚೆಂಡನ್ನು ಹೊಡೆದು ಓಡಿದರಾಯಿತು. ಇದಕ್ಕೆ ಟೀ ಬಾಲ್ ಎಂದು ಹೆಸರು. 4ರಿಂದ 7 ವರ್ಷದವರ ಆಟ. ಕಲಿಸುತ್ತಿದ್ದಾತ ಯಾವುದೋ ಮಗುವಿನ ತಂದೆ. ಮಂಡಿಯೂರಿ ಕುಳಿತು ಹೇಳುತ್ತಿದ್ದ: ಬಲಗೈಯಲ್ಲಿ ಎಸೆಯುವವರು ಎಡಗಾಲು ಮುಂದಿಡಬೇಕು, ಎತ್ತರಕ್ಕೆ ಬಂದ ಚೆಂಡನ್ನು ಹಿಡಿಯುವಾಗ ಬೆರಳು ಆಕಾಶ ನೋಡಬೇಕು, ತಗ್ಗಿಗೆ ಬಂದರೆ ನೆಲ ನೋಡಬೇಕು. ನಮ್ಮ ಹುಡುಗಿ ಚೆಂಡು ಹೊಡೆದು ಮೊದಲನೆಯ ಬೇಸಿಗೆ ಓಡುವ ಬದಲು ಮೂರನೆಯದಕ್ಕೆ ಓಡಿದಳು. ಆತ ಗದರಲಿಲ್ಲ, ಕೈಹಿಡಿದು ತಿರುಗಿಸಿ ಬಿಟ್ಟ.

ದೊಡ್ಡವರ ಆಟವನ್ನು ಮಕ್ಕಳ ಮೈಗೆ ಹೀಗೆ ಹೊಲಿಯಬೇಕೆಂದು ಮೊದಲು ತೋರಿದ್ದು ಯಾರಿಗೆ? ಹುಡುಕುತ್ತ ಹೋದಾಗ ದೊರೆತ ಕಥೆ ನನ್ನನ್ನು ಬಹಳ ದಿನ ಕಾಡಿತು.

ಪೆನ್ಸಿಲ್ವೇನಿಯ ರಾಜ್ಯದಲ್ಲಿ ವಿಲಿಯಮ್ಸ್‌ಪೋರ್ಟ್ ಎಂಬ ಊರಿದೆ. ಒಂದು ಕಾಲಕ್ಕೆ ಮರದ ವ್ಯಾಪಾರಕ್ಕೆ ಹೆಸರಾದದ್ದು. 1938ರಲ್ಲಿ ಅಲ್ಲಿನ ಕಾರ್ಲ್ ಸ್ಟಾಟ್ಜ್ ಎಂಬ ಇಪ್ಪತ್ತೆಂಟರ ಯುವಕ, ಹತ್ತಿರದ ಸಂಬಂಧಿಗಳಾದ ಇಬ್ಬರು ಹುಡುಗರೊಡನೆ ಅಂಗಳದಲ್ಲಿ ಚೆಂಡಾಡುತ್ತಿದ್ದ. ಹೂಗಿಡದ ಬೊಡ್ಡೆಗೆ ಕಾಲು ತರಚಿತು. ನೋವು ಇಳಿಯಲೆಂದು ಕುಳಿತಾಗ ಹೊಳೆಯಿತಂತೆ: ಈ ಹುಡುಗರಿಗೂ ತಂಡ, ಸಮವಸ್ತ್ರ, ತಕ್ಕಷ್ಟು ಬಯಲು ಏಕಿರಬಾರದು? ದೊಡ್ಡವರ ಆಟದಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಸ್ಟಾಟ್ಜ್ ಹುಡುಗರನ್ನೇ ಬಯಲಿನಲ್ಲಿ ಓಡಿಸಿ, ಚೆಂಡು ಎಸೆಸಿ, ಹಳೆಯ ವೃತ್ತಪತ್ರಿಕೆಗಳನ್ನು ಬೇಸುಗಳಾಗಿ ಹಾಸಿ, ಹಿಂದೆ ಮುಂದೆ ಸರಿಸಿ ನೋಡಿದ. ಕಡೆಗೆ ನಿಂತದ್ದು 60 ಅಡಿ. ಪುಸ್ತಕ ತೆರೆದು ಅಳೆದುದಲ್ಲ. ಹುಡುಗರ ಕಾಲು, ತೋಳು ಹೇಳಿದ ಲೆಕ್ಕ.

ನಮ್ಮ ಚಿನ್ನಿದಾಂಡಿನಲ್ಲಿ ಚಿನ್ನಿ ಹಾರಿದ ದೂರವನ್ನು ದಾಂಡಿನಿಂದಲೇ ಅಳೆಯುತ್ತೇವಲ್ಲವೆ? ಆಡುವವನ ಕೈಯಲ್ಲಿರುವುದೇ ಅಳತೆಗೋಲು. ಸ್ಟಾಟ್ಜ್ ಮಾಡಿದ್ದೂ ಬಹುಮಟ್ಟಿಗೆ ಅದನ್ನೇ.

ಹಣಕ್ಕಾಗಿ ಆತ ಅಂಗಡಿ, ಕಾರ್ಖಾನೆಗಳ ಬಾಗಿಲು ತಟ್ಟಬೇಕಾಯಿತು. 1939ರ ಜೂನ್ 6ರಂದು ಮೊದಲ ಪಂದ್ಯ. ಲಂಡಿ ಲಂಬರ್ ತಂಡ ಲೈಕಮಿಂಗ್ ಡೈರಿಯನ್ನು 23-8ರಿಂದ ಸೋಲಿಸಿತು. ಮೂರೇ ತಂಡಗಳ ಈ ಕೂಟವೇ ಲಿಟ್ಲ್ ಲೀಗ್. ಎಂಟು ವರ್ಷಗಳಲ್ಲಿ, 1947ಕ್ಕೆ, ಹೊರ ಊರುಗಳ ತಂಡಗಳೂ ಸೇರಿದ ಪಂದ್ಯಾವಳಿ ನಡೆಯಿತು.

ಬಯಲನ್ನು ಮಕ್ಕಳಿಗಾಗಿ ಚಿಕ್ಕದು ಮಾಡಿದ್ದಾಯಿತು. ಅದರ ಬಾಗಿಲೂ ಚಿಕ್ಕದಾಗಿಯೇ ಇತ್ತೆಂಬುದು ಮುಂದೆ ತಿಳಿಯಿತು. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಕ್ಯಾಥರಿನ್ ಜಾನ್ಸ್‌ಟನ್ ಎಂಬ ಹುಡುಗಿ ಕೂದಲು ಕತ್ತರಿಸಿಕೊಂಡು, 'ಟಬ್ಬಿ' ಎಂದು ಹೆಸರು ಹೇಳಿ ತಂಡ ಸೇರಿದಳು. ಗುಟ್ಟು ತಿಳಿದ ಮೇಲೂ ತಂಡದವರು ಅವಳನ್ನು ಬಿಡಲಿಲ್ಲ. ಆದರೆ ಮರುವರ್ಷವೇ ಹುಡುಗಿಯರು ಆಡಕೂಡದೆಂದು ನಿಯಮ ಬಂದಿತು. 1955ರಲ್ಲಿ ದಕ್ಷಿಣ ಕೆರೊಲೈನದ ಚಾರ್ಲ್ಸ್‌ಟನ್ನಿನ ಕ್ಯಾನನ್ ಸ್ಟ್ರೀಟ್ ತಂಡದ ಕರಿಯ ಹುಡುಗರೊಡನೆ ಆಡಲೊಪ್ಪದೆ ಬಿಳಿಯರ ತಂಡಗಳೆಲ್ಲ ಪಂದ್ಯಾವಳಿಯನ್ನೇ ಬಿಟ್ಟು ನಡೆದವು. ಆಡದೆ ಗೆದ್ದವರು ಮುಂದಕ್ಕೆ ಹೋಗುವಂತಿಲ್ಲವೆಂದಿತು ನಿಯಮ. ಆ ಹುಡುಗರು ವಿಲಿಯಮ್ಸ್‌ಪೋರ್ಟಿಗೆ ಅತಿಥಿಗಳಾಗಿ ಬಂದರು. ಬಯಲಿನಲ್ಲಿ ಸ್ವಲ್ಪ ಹೊತ್ತು ಕೈಪಳಗಿಸಿಕೊಂಡರು. 'ಅವರು ಆಡಲಿ' ಎಂದು ಜನ ಕೂಗಿದರು. ಪ್ರಯೋಜನವಾಗಲಿಲ್ಲ, ಹುಡುಗರು ಕುಳಿತು ಬೇರೆಯವರ ಆಟ ನೋಡಿದರು. 2002ರಲ್ಲಿ ಅವರನ್ನು ಕರೆದು ಗೌರವಿಸುವಷ್ಟರಲ್ಲಿ ಅವರಿಗೆ ಅರುವತ್ತು ಹತ್ತಿರವಾಗಿತ್ತು.

ಅದೇ 1955ರಲ್ಲಿ ಸ್ಟಾಟ್ಜ್ ತಾನೇ ಹುಟ್ಟಿಸಿದ ಸಂಸ್ಥೆಯೊಡನೆ ವ್ಯಾಜ್ಯಕ್ಕಿಳಿದು ಹೊರಬಂದ. ಸಂಸ್ಥೆ ಬೆಳೆಯಿತು, ಆತ ತನ್ನ ಊರಿನ ಮೊದಲಿನ ಲೀಗಿನೊಡನೆ ಉಳಿದ. ಹುಡುಗಿಯರಿಗೆ ಬಾಗಿಲು ತೆರೆದದ್ದು 1974ರಲ್ಲಿ, ನ್ಯೂಜರ್ಸಿಯ ಮರಿಯಾ ಪೆಪೆ ಎಂಬ ಬಾಲಕಿಯ ಪರವಾಗಿ ಹೂಡಿದ ದಾವೆಯ ಫಲವಾಗಿ. ಅಷ್ಟರಲ್ಲಿ ಆಕೆಗೆ ಆಡುವ ವಯಸ್ಸು ಮೀರಿತ್ತು.

ತೊಂಬತ್ತಡಿಯನ್ನು ಅರುವತ್ತಕ್ಕೆ ಇಳಿಸಲು ಒಬ್ಬನ ಒಂದು ಬೇಸಿಗೆ ಸಾಕಾಯಿತು. ಯಾವ ಮಗು ಒಳಗೆ ಬರಬಹುದೆಂಬ ಪ್ರಶ್ನೆಗೆ ಮೂವತ್ತೈದು ವರ್ಷ ಹಿಡಿಯಿತು. ಕಲಿಸುವವರು ಹಿಡಿತ, ಎಸೆತಗಳನ್ನು ತಿದ್ದುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಆಟ ಮುಗಿಸಿ ಬಂದ ಮೊಮ್ಮಗಳು, "ತಾತ, ನಾನು ಎಷ್ಟು ದೂರ ಹೊಡೆದೆ?" ಎಂದು ಕೇಳಿದಳು. ಇಬ್ಬರೂ ಅಳೆಯಲು ಹೊರಟೆವು. ನಾನು ಹೆಜ್ಜೆಯಿಡುವಷ್ಟರಲ್ಲಿ ತಡೆದು, "ನಿನ್ನದಲ್ಲ, ನನ್ನ ಹೆಜ್ಜೆ" ಎಂದಳು. ಹಾಗೆಯೇ ಎಣಿಸಿದೆವು. ಹತ್ತೊಂಬತ್ತಾಯಿತು.