ಪೀಣ್ಯದಿಂದ ಕಾಡುಗೋಡಿಯವರೆಗೆ: ಹೊರ ಬೆಂಗಳೂರಿನ ಊರುಹೆಸರುಗಳ ರೋಮನ್ ಕಾಗುಣಿತ

ಹೊರ ಬೆಂಗಳೂರಿನ ಊರುಹೆಸರುಗಳು ಇಂದು ಎರಡು ಬಗೆಯಾಗಿ ಉಚ್ಚಾರವಾಗುತ್ತಿವೆ. ಊರಿನವರದು ಒಂದು ಬಗೆ. ರೋಮನ್ ಫಲಕ, ಮೊಬೈಲ್ ನಕ್ಷೆ, ಕಂಪನಿ ಬಸ್ಸಿನ ಪಟ್ಟಿ ನೋಡಿ ಕಲಿತವರದು ಇನ್ನೊಂದು. ಕಾಡುಗೋಡಿ ಇವರ ಬಾಯಲ್ಲಿ ‘ಕಡುಗೊಡಿ’, ಜಾಲಹಳ್ಳಿ ‘ಜಲಹಲ್ಲಿ’. ಮಾರತ್ತಹಳ್ಳಿಯಂತೂ ‘ಮರಾಠಾ ಹಳ್ಳಿ’ಯೇ ಆಗಿಬಿಡುತ್ತದೆ. ಇದಕ್ಕೆ ವಲಸಿಗರ ನಾಲಗೆಯನ್ನು ದೂರುವುದು ರೂಢಿ. ಅವರು ಓದುತ್ತಿರುವುದು ನಾವೇ ಬರೆದುಕೊಟ್ಟ ಕಾಗುಣಿತವನ್ನು.

ಈ ಕಾಗುಣಿತದಲ್ಲಿ ಮುಖ್ಯವಾಗಿ ಕಳೆದುಹೋಗುವುದು ಎರಡು: ಸ್ವರದ ಹ್ರಸ್ವ–ದೀರ್ಘ ಭೇದ, ವ್ಯಂಜನದ ದಂತ್ಯ–ಮೂರ್ಧನ್ಯ ಭೇದ. 2023ರ ಮಾರ್ಚ್‌ನಲ್ಲಿ ಆರಂಭವಾದ ಕೆ.ಆರ್. ಪುರ–ವೈಟ್‌ಫೀಲ್ಡ್ ಮೆಟ್ರೊ ಮಾರ್ಗದ ಸೀತಾರಾಮಪಾಳ್ಯವನ್ನೇ ನೋಡಿ. ‘ಸೀ’ಗೆ ಎರಡು ‘ಇ’ ಸಿಕ್ಕಿವೆ. ತಾ, ರಾ, ಪಾ ಮೂರಕ್ಕೂ ಒಂಟಿ ‘ಎ’. ಳಕಾರ ಬರಿಯ ‘ಎಲ್’ ಆಗಿದೆ. ತಕಾರಕ್ಕೆ ದಕ್ಷಿಣದ ರೂಢಿಯಂತೆ ‘ಟಿಎಚ್’. ಹಿಂದಿ ಬಲ್ಲವರು ಅದನ್ನು ಥಕಾರವೆಂದು ಓದಿದರೆ ಅವರ ಲೆಕ್ಕದಲ್ಲಿ ಸರಿಯೇ. ಪೀಣ್ಯದಲ್ಲಿ ದೀರ್ಘ ಉಳಿದು ಣಕಾರ ಹೋಗಿದೆ. ಅಲ್ಲಿನ ‘ಎನ್‌ವೈ’ ಜೋಡಿಯನ್ನು ಇಂಗ್ಲಿಷ್ ಓದುಗರು ಸ್ಪ್ಯಾನಿಷ್‌ನ ತಲೆಗೆರೆಯ ‘ಎನ್’ನಂತೆ, ಹೆಚ್ಚುಕಡಿಮೆ ನಮ್ಮ ಞಕಾರದಂತೆ, ನುಡಿಯುತ್ತಾರೆ.

ಸ್ಪ್ಯಾನಿಷ್ ಹೆಸರುಗಳ ಪಾಡೂ ಇಂಗ್ಲಿಷ್ ನೆಲದಲ್ಲಿ ಇಂಥದ್ದೇ. ಜನನ ಪತ್ರಗಳಲ್ಲಿ ಉಚ್ಚಾರಣಾ ಚಿಹ್ನೆ ಬಳಸಲು ಅವಕಾಶ ಕೊಡುವ ಮಸೂದೆಯನ್ನು ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ 2017ರಲ್ಲಿ ವೆಚ್ಚದ ಕಾರಣಕ್ಕೆ ತಳ್ಳಿಹಾಕಿದರು. ನಮ್ಮಲ್ಲಿ ಮಾತ್ರ ಚಿಹ್ನೆಗಳು ಇದ್ದೂ ಬಿಟ್ಟುಹೋದವು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಗ್ರಹದ ಬೆಂಗಳೂರು ಜಿಲ್ಲೆಯ ಸಂಪುಟದ ರೋಮನ್ ಪಾಠದಲ್ಲಿ ದೀರ್ಘಕ್ಕೆ ತಲೆಯ ಮೇಲೆ ಗುರುತು, ಮೂರ್ಧನ್ಯಕ್ಕೆ ಕೆಳಗೆ ಚುಕ್ಕೆ ಇವೆ. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸಾಧ್ಯವಾದದ್ದು ಯೂನಿಕೋಡ್ ಕಾಲದ ಸಾಫ್ಟ್‌ವೇರ್ ರಾಜಧಾನಿಗೆ ದುಸ್ಸಾಧ್ಯವೆಂದರೆ ನಂಬುವುದು ಕಷ್ಟ.

2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ತಿದ್ದುಪಡಿಯಾದವು. ಬೆಂಗಳೂರಿಗೆ ಕೊನೆಯ ಉಕಾರ ಮರಳಿತು. ಅದರ ಮಗ್ಗುಲಿನ ವರ್ತೂರು, ಬೆಳ್ಳಂದೂರುಗಳಿಗೆ ಇನ್ನೂ ಮರಳಿಲ್ಲ. ಕೆ.ಆರ್. ಪುರದಲ್ಲಿ ಮೆಟ್ರೊ ಫಲಕ ‘ಪುರ’ ಎಂದರೆ ರೈಲ್ವೆ ಫಲಕ ‘ಪುರಂ’ ಎನ್ನುತ್ತದೆ.

ಚುಕ್ಕೆ–ಗೆರೆಗಳನ್ನು ಶಾಸನಗಳ ಸಂಪಾದಕರಿಗೇ ಬಿಡೋಣ. ಫಲಕಕ್ಕೆ ಸದ್ಯ ಬೇಕಾದದ್ದು ಆಕಾರಕ್ಕೆ ಜೋಡಿ ‘ಎ’, ಅಷ್ಟೇ. ಇದರಿಂದ ‘ಗೋಡಿ’ಯ ಓಕಾರ ಉಳಿಯದು ನಿಜ, ಏಕೆಂದರೆ ಜೋಡಿ ‘ಓ’ ಈಗಾಗಲೇ ಊಕಾರದ ಪಾಲಾಗಿದೆ. ಆದರೆ ಆ ಜೋಡಿ ‘ಓ’ ಇರುವ ಹೂಡಿಯನ್ನು ಹ್ರಸ್ವ ಮಾಡಿ ನುಡಿದವರನ್ನು ನಾನು ಕಂಡಿಲ್ಲ. ಮುಂದಿನ ಮಾರ್ಗಗಳ ಫಲಕಗಳನ್ನು ಅಂತಿಮಗೊಳಿಸುವ ಮೊದಲು ಮೆಟ್ರೊ ನಿಗಮವೂ ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಈ ಒಂದು ನಿಯಮವನ್ನಾದರೂ ಒಪ್ಪಿಕೊಳ್ಳಲಿ.