ಕಂದು ಸೀಸೆಯ ಬಿಳಿ ಹರಳು: ಪೊಟ್ಯಾಸಿಯಂ ಅಯೋಡೈಡ್

ತೂಕದಲ್ಲಿ ಮುಕ್ಕಾಲು ಪಾಲು ಅಯೋಡಿನ್ ಇರುವ, ನೀರಿನಲ್ಲಿ ಬಲು ಸುಲಭವಾಗಿ ಕರಗುವ ಉಪ್ಪು ಇದು. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಕಡಲಕಳೆಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದ ಮೇಲೆ ಔಷಧ ತಯಾರಕರು ಇದನ್ನು ಬಳಕೆಗೆ ತಂದರು. ಸೀಸೆಗೆ ಕಂದು ಗಾಜು ಏಕೆಂದು ತಿಳಿದರೆ ಉಪ್ಪಿನ ಸ್ವಭಾವವೂ ತಿಳಿಯುತ್ತದೆ. ಗಾಳಿ, ತೇವ, ಬೆಳಕು ತಾಗುತ್ತಿದ್ದರೆ ಅಯೋಡೈಡ್ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಮೆಲ್ಲಗೆ ಅಯೋಡಿನ್ ಆಗಿಬಿಡುತ್ತದೆ. ಮುಚ್ಚಳದ ಹತ್ತಿರದ ಹರಳುಗಳನ್ನು ಗಮನಿಸಿ: ಅಲ್ಲಿ ಹಳದಿ ಛಾಯೆ ಕಂಡರೆ ಅದು ಹೀಗೆ ಹೊರಬಂದ ಅಯೋಡಿನ್‌ನದು.

ಹೀಗೆ ಕೆಡುವ ವಸ್ತುವಿನಿಂದ ಏನು ಪ್ರಯೋಜನ ಎಂದು ಕೇಳಬಹುದು. ಆದರೆ ಎಲೆಕ್ಟ್ರಾನ್ ಬಿಟ್ಟುಕೊಡುವ ಈ ಸ್ವಭಾವವೇ ನಮ್ಮ ದೇಹಕ್ಕೆ ಬೇಕಾದದ್ದು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡೈಡನ್ನು ಹೀರಿ, ಅದರ ಎಲೆಕ್ಟ್ರಾನ್ ತೆಗೆದು, ಆಮೇಲಷ್ಟೇ ಹಾರ್ಮೋನು ತಯಾರಿಸಬಲ್ಲದು. ಅಯೋಡಿನ್ ಸಾಲದಾದಾಗ ಗಳಗಂಡ ಬರುತ್ತದೆ. ಅಡುಗೆ ಉಪ್ಪಿನ ವಿಷಯದಲ್ಲಿ ಮಾತ್ರ ಆ ಆಕ್ಷೇಪ ನ್ಯಾಯವಾದದ್ದು. ನಮ್ಮ ಬಿಸಿಲು, ಮಳೆಗಳಲ್ಲಿ ಅಯೋಡೈಡ್ ಉಳಿಯುವುದು ಕಷ್ಟ. ಹಾಗಾಗಿ ಭಾರತದಲ್ಲಿ ಉಪ್ಪಿಗೆ ಬೆರೆಸುವುದು ಅದಕ್ಕಿಂತ ಸ್ಥಿರವಾದ ಪೊಟ್ಯಾಸಿಯಂ ಅಯೋಡೇಟ್. ಭದ್ರವಾಗಿ ಮುಚ್ಚಿಟ್ಟ ಅಯೋಡೈಡ್‌ಗೆ ಈ ತೊಂದರೆಯಿಲ್ಲ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಪೋಲೆಂಡಿನಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಇದನ್ನು ಕೊಡಲಾಯಿತು. ಥೈರಾಯ್ಡ್ ಗ್ರಂಥಿ ಮೊದಲೇ ಇದರಿಂದ ತುಂಬಿದ್ದರೆ, ಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ಅಯೋಡಿನ್‌ಗೆ ಅಲ್ಲಿ ಜಾಗ ಸಿಗದು. ಉಳಿದ ಯಾವ ವಿಕಿರಣವನ್ನೂ ಇದು ತಡೆಯಲಾರದು. ವೈದ್ಯರ ಸಲಹೆಯಿಲ್ಲದೆ ನುಂಗಿದರೆ ಥೈರಾಯ್ಡ್‌ಗೇ ಹಾನಿಯಾದೀತು.