ಜೋಕರ್ ಎಲೆ ಮತ್ತು ಒಂದು ನಕ್ಷತ್ರದ ಕಥೆ

ರಮ್ಮಿ ಆಡಿದವರಿಗೆ ಜೋಕರ್ ಎಲೆಯ ಬೆಲೆ ಗೊತ್ತೇ ಇದೆ. ಯಾವ ಎಲೆ ಇಲ್ಲವೋ ಅದರ ಜಾಗದಲ್ಲಿ ಅದನ್ನು ಕೂರಿಸಬಹುದು. ಕಂಪ್ಯೂಟರಿನವರು ವೈಲ್ಡ್‌ಕಾರ್ಡ್ ಅನ್ನುವುದೂ ಇದನ್ನೇ, ಹೆಸರು ಬಂದದ್ದೂ ಇಸ್ಪೀಟಿನಿಂದಲೇ. ಅದರ ಗುರುತು * ಎಂಬ ನಕ್ಷತ್ರ. 'ಇಲ್ಲಿ ಏನು ಬೇಕಾದರೂ ಇರಲಿ' ಎಂದು ಅದರ ಅರ್ಥ.

ಈ ನಕ್ಷತ್ರದ ಹಿಂದೆ ಬಿದ್ದದ್ದು ಒಂದು ಅವಮಾನದ ನಂತರ. ನಮ್ಮ ಭಿವಂಡಿಯ ಗೋಡೌನ್ ಆಫೀಸಿನ ಮೊಬೈಲಿನಲ್ಲಿ ಒಂದು ಆಟೊಮೇಷನ್ ಆ್ಯಪ್ ಹಾಕಿಕೊಂಡಿದ್ದೆ. ಬ್ಯಾಂಕಿನಿಂದ ಹಣ ಜಮೆಯಾದ ಮೆಸೇಜ್ ಬಂದರೆ ಅದು ನನ್ನ ಫೋನಿಗೆ ದಾಟಿಸಬೇಕು, ಉಳಿದ ಕಸವನ್ನು ಬಿಡಬೇಕು. ಒಂದು ದಿನ ಇಳಕಲ್ಲಿನ ಹಳೇ ಗಿರಾಕಿಯ ದುಡ್ಡು ಬಂದಿಲ್ಲವೆಂದು ಅವರ ಮಾಲನ್ನು ಲಾರಿಯಿಂದ ಇಳಿಸಿಬಿಟ್ಟೆ. ಫೋನ್ ಮಾಡಿ ಎರಡು ಮಾತು ಜೋರಾಗಿಯೂ ಆಡಿದೆ. "ರೊಕ್ಕ ಮುಂಜಾನೇನ ಹಾಕೇನ್ರೀ ಸಾಹೇಬ್ರ, ಒಮ್ಮೆ ನೋಡ್ರಲಾ" ಅಂದರು ಅವರು, ಮೆತ್ತಗೆ. ನೋಡಿದೆ. ಬಂದಿತ್ತು!

ತಪ್ಪು ನಾನು ಬರೆದ ನಿಯಮದ್ದು. ನಮ್ಮ ದೇಶದಲ್ಲಿ ಕಂಪನಿಗಳ ಮೆಸೇಜಿನ ಮೇಲೆ ಆರಕ್ಷರದ ಹೆಸರು, ಅದಕ್ಕೆ ಮೊದಲು ಎರಡಕ್ಷರ ಇರುತ್ತವಲ್ಲ? ಮೊದಲನೆಯದು ಮೊಬೈಲ್ ಕಂಪನಿ, ಎರಡನೆಯದು ವಲಯ. 'ವಿಎಂ' ಅಂದರೆ ವೊಡಾಫೋನ್, ಮುಂಬಯಿ. 'ಎಎಕ್ಸ್' ಅಂದರೆ ಏರ್‌ಟೆಲ್, ಕರ್ನಾಟಕ. ಅದೇ ಬ್ಯಾಂಕು ಇವತ್ತು ಒಂದು ದಾರಿಯಲ್ಲಿ, ನಾಳೆ ಇನ್ನೊಂದು ದಾರಿಯಲ್ಲಿ ಕಳಿಸುತ್ತದೆ. ನಾನು 'ವಿಎಂ' ಎಂದೇ ಬರೆದು ಕೂತಿದ್ದೆ. ಆ ಜಾಗದಲ್ಲಿ ನಕ್ಷತ್ರ ಇಡಬೇಕಿತ್ತು.

ನಕ್ಷತ್ರದ ವಂಶಾವಳಿ ದೊಡ್ಡದು. 1951ರಲ್ಲಿ ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ ನರಜಾಲಗಳ ಬಗ್ಗೆ ಬರೆಯುತ್ತಾ 'ಎಷ್ಟು ಸಲವಾದರೂ ಮರುಕಳಿಸಬಹುದು' ಎಂಬುದಕ್ಕೆ ಅದನ್ನು ಬಳಸಿದ. 1971ರ ಮೊದಲ ಯುನಿಕ್ಸ್‌ನಲ್ಲಿ 'ಗ್ಲಾಬ್' ಎಂಬ ಪುಟ್ಟ ಪ್ರೋಗ್ರಾಮು ಅದೇ ಗುರುತಿಗೆ ಬೇರೆ ಕೆಲಸ ಕೊಟ್ಟಿತು: ಕಡತದ ಹೆಸರಿನಲ್ಲಿ ಏನಿದ್ದರೂ ಸರಿ. 1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಜೊತೆಗೆ ಸಿಸ್‌ಲಾಗ್ ಬರೆದ. ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಸುದ್ದಿಗಳನ್ನು ಜರಡಿ ಹಿಡಿಯುವ ವ್ಯವಸ್ಥೆ ಅದು. 'ಯಾವ ವಿಭಾಗದ್ದಾದರೂ ಇರಲಿ, ದೋಷವಿದ್ದರೆ ಹೇಳು' ಎನ್ನಲು ಅಲ್ಲಿ ಒಂದು ನಕ್ಷತ್ರ ಸಾಕು.

(ಭಿವಂಡಿಯವರಿಗೆ ಇದೇನು ಹೊಸದಲ್ಲ ಬಿಡಿ. ಪವರ್‌ಲೂಮಿನಲ್ಲಿ ಹೊಕ್ಕಿನ ನೂಲು ಕಡಿದರೆ ಒಂದು ಸಣ್ಣ ಮುಳ್ಳುಚಮಚದಂಥ ಸಾಧನ ಮಗ್ಗವನ್ನು ನಿಲ್ಲಿಸುತ್ತದೆ. ನೂಲು ಕೆಂಪೋ ಹಸಿರೋ ಅದು ಕೇಳುವುದಿಲ್ಲ!)

ಇಡೀ ದೇಶಕ್ಕೆ ಈ ವಿದ್ಯೆಯ ಬಿಸಿ ತಟ್ಟಿದ್ದು 2021ರ ಮಾರ್ಚ್ 8ರಂದು. ಟ್ರಾಯ್ 2018ರಲ್ಲಿ ಮಾಡಿದ ನಿಯಮದಂತೆ ಪ್ರತಿ ಕಂಪನಿಯೂ ತನ್ನ ಮೆಸೇಜಿನ ಅಚ್ಚನ್ನು ಮೊದಲೇ ನೋಂದಾಯಿಸಬೇಕಿತ್ತು. ಹೆಸರು, ಮೊತ್ತ, ಓಟಿಪಿ ಬರುವ ಕಡೆ ಮಾತ್ರ ಬದಲಾಗುವ ಜಾಗ, ಅಂದರೆ ನಮ್ಮ ಜೋಕರ್. ಉಳಿದದ್ದು ಅಚ್ಚಿಗೆ ಹೊಂದದಿದ್ದರೆ ಮೆಸೇಜು ಕಸದ ಬುಟ್ಟಿಗೆ. ಆ ದಿನ ಜರಡಿ ಚಾಲೂ ಮಾಡಿದ ಕೂಡಲೇ ಓಟಿಪಿಗಳೇ ಮಾಯ. ಎಷ್ಟೋ ಕಂಪನಿಗಳು ಅಚ್ಚು ನೋಂದಾಯಿಸಿರಲಿಲ್ಲ, ಅಥವಾ ಸರಿಯಾಗಿ ನೋಂದಾಯಿಸಿರಲಿಲ್ಲ. ಬ್ಯಾಂಕು, ಆಧಾರ್, ಕೋವಿಡ್ ಲಸಿಕೆ ಎಲ್ಲಕ್ಕೂ ತೊಂದರೆ. ಮರುದಿನವೇ ಟ್ರಾಯ್ ಏಳು ದಿನ ಜರಡಿ ನಿಲ್ಲಿಸಿತು. ವಂಚಕರನ್ನು ತಡೆಯಲು ಮಾಡಿದ್ದು ಸಾಚಾ ಜನರನ್ನು ಬಾಗಿಲಲ್ಲೇ ನಿಲ್ಲಿಸಿತು. ಉದ್ದೇಶವನ್ನು ನಾನು ಬೈಯಲಾರೆ, ಆತುರವನ್ನು ಬೈಯುತ್ತೇನೆ.

ಹಾಗೆಂದು ಸಿಕ್ಕಸಿಕ್ಕಲ್ಲಿ ನಕ್ಷತ್ರ ಹಾಕಿದರೂ ಕಷ್ಟ. ಇಳಕಲ್ಲಿನ ಪ್ರಸಂಗದ ಸಿಟ್ಟಿನಲ್ಲಿ ನಾನು 'ಕ್ರೆಡಿಟೆಡ್' ಎಂಬ ಪದದ ಎರಡೂ ಕಡೆ ನಕ್ಷತ್ರ ಹಾಕಿದೆ. ಸಂಜೆಯೊಳಗೆ 'ನಿಮಗೆ ಸಾಲ ಕ್ರೆಡಿಟೆಡ್ ಆಗಲಿದೆ' ಎಂಬ ಜಾಹೀರಾತುಗಳೆಲ್ಲ ಬಂದು ಸಾಲಾಗಿ ನಿಂತವು. ಕೊನೆಗೆ ಮುಂದಿನ ಎರಡಕ್ಷರಕ್ಕೆ ಮಾತ್ರ ನಕ್ಷತ್ರ, ಬ್ಯಾಂಕಿನ ಹೆಸರು ಇದ್ದದ್ದು ಇದ್ದಂತೆ, ಖಾತೆಯ ಕೊನೆಯ ಅಂಕಿಗಳೂ ಇರಬೇಕು ಎಂದು ಬರೆದೆ.

2025ರಲ್ಲಿ ಮತ್ತೆ ಮೌನ! ಟ್ರಾಯ್ ಹೆಸರಿನ ಕೊನೆಗೆ ಬಾಲ ಸೇರಿಸಿತ್ತು: ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ. ಅಲ್ಲೂ ನಕ್ಷತ್ರ ಹಾಕೋಣವೆಂದು ಕೈ ಹೋಯಿತು, ತಡೆದೆ. ಹಾಕಿದ್ದರೆ ಪಿ ಕೂಡ ಒಳಗೆ ಬರುತ್ತಿತ್ತು. ಎಸ್ ಮತ್ತು ಟಿ ಮಾತ್ರ ಬರೆದೆ. ಇಳಕಲ್ಲಿಗೆ ಫೋನ್ ಮಾಡುವ ಮುಂಚೆ ಮಾತ್ರ ಈಗಲೂ ಬ್ಯಾಂಕಿನ ಆ್ಯಪ್ ತೆರೆದು ಕಣ್ಣಾರೆ ನೋಡುತ್ತೇನೆ.